ಮೂಗಪ್ಪನೂ ಹಸಿರು ಸೀಸೆಯೂ

ಮೂಗಪ್ಪನ ಮೂಗು ಸತ್ತ ಸುದ್ದಿ ಮೂಗಪ್ಪನೊಬ್ಬನನ್ನು ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಂತ ಅವನು ನಂಬಿಕೊಂಡಿದ್ದ, ಪಾಪ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ನಾಲ್ಕು ಮಹಡಿಯ ಬಟ್ಟೆ ಅಂಗಡಿಯಲ್ಲಿ, ಬಾಗಿಲು ದಾಟುತ್ತಲೇ ಎಡಕ್ಕೆ ಸಿಗುವ ಸೆಂಟಿನ ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತವನಿಗೆ ಆ ಹೆಸರು ಉಳಿದೀತು ಹೇಗೆ? ಗಿರಾಕಿ ಎರಡು ಮಾರು ದೂರದಲ್ಲಿರುವಾಗಲೇ ಅವನು ಬೆಳಿಗ್ಗೆ ಯಾವ ಸೋಪು ಹಚ್ಚಿದ್ದಾನೆ, ಬರುವ ದಾರಿಯಲ್ಲಿ ಸಿಗರೇಟು ಸೇದಿ ಅದನ್ನು ಮುಚ್ಚಲು ಯಾವ ಮಿಠಾಯಿ ಚೀಪಿದ್ದಾನೆ, ಮೈಮೇಲಿನ ಕೋಟು ಸ್ವಂತದ್ದೋ ಎರವಲೋ ಎಂದು ಹೇಳಿಬಿಡುತ್ತಿದ್ದ. ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಬೆರಳಿಟ್ಟ ಅದೇ ಮೂಗಿಗೆ ಇವನು ಸೆಂಟು ಹೊಡೆದ ಒಂದು ಕಾಗದದ ಪಟ್ಟಿ ಹಿಡಿದು, "ಮೊದಲು ಹೂವು ಬರುತ್ತೆ ಸಾರ್, ಹಿಂದೇನೇ ಮರ ಬರುತ್ತೆ, ಸಂಜೆ ಹೊತ್ತಿಗೆ ನೀವೇ ಬರ್ತೀರಿ" ಎಂದು ಶುರು ಮಾಡಿದರೆ ಗಿರಾಕಿ ಜೇಬಿಗೆ ಕೈ ಹಾಕುವುದೊಂದೇ ಬಾಕಿ. ಒಂದು ದಿನ ಅಂಗಡಿಯ ಮಾಲೀಕರೇ ಎಲ್ಲರೆದುರು "ಏನಪ್ಪಾ ಮೂಗಪ್ಪಾ" ಎಂದರು. ಯಜಮಾನರೇ ಕರೆದ ಮೇಲೆ ಉಳಿದವರು ಬಿಡುತ್ತಾರೆಯೇ? ಇವನೂ ಬಿರುದು ಸಿಕ್ಕವನಂತೆ ಬೀಗಿದ.

ಇಂಥವನ ಒಬ್ಬಳೇ ಮಗಳು ಕಾರು ಕಲಿಯಲು ಹೋಗಿ, ಕಲಿಸುವವನನ್ನೇ ಮನೆಗೆ ಕರೆದುಕೊಂಡು ಬಂದಳು.

ಹುಡುಗನಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ನಗುಮುಖ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಕೇಳದಿದ್ದರೆ ಸುಮ್ಮನಿರುತ್ತಾನೆ. ಆದರೆ ಅವನು ಒಳಗೆ ಕಾಲಿಡುವ ಮೊದಲೇ ಅವನ ಸೆಂಟು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿತ್ತು. ಹಸಿರು ಸೀಸೆಯ ಸೆಂಟು. ಔಷಧಿ ಅಂಗಡಿಯಲ್ಲಿ, ದಿನಸಿ ಅಂಗಡಿಯಲ್ಲಿ, ಬಸ್ ನಿಲ್ದಾಣದ ಗೂಡಂಗಡಿಯಲ್ಲಿ ಬ್ಲೇಡು ಬಾಚಣಿಗೆಗಳ ಪಕ್ಕ ಧೂಳು ಹೊದ್ದು ಕೂತಿರುವ ಮಾಲು. ಗುಮಾಸ್ತ, ಪೇಂಟರು, ಲಿಫ್ಟ್ ರಿಪೇರಿಯವನು, ಮೊದಲ ಸಲ ಕೆಲಸದ ಸಂದರ್ಶನಕ್ಕೆ ಹೊರಟವನು, ಎಲ್ಲರೂ ಯೋಚನೆ ಮಾಡದೆ ಎತ್ತಿಕೊಳ್ಳುವ ಸೀಸೆ. ಸೆಂಟಿನ ಕೌಂಟರಿನವನ ಅಳಿಯನಾಗಬೇಕಾದವನು ಅದನ್ನು ಹಾಕಿಕೊಂಡು ಬಂದಿದ್ದ.

"ಇದು ಮೈಗೆ ಹಾಕೋದಾ, ನೆಲ ಒರೆಸೋದಾ?" ಎಂದು ಮೂಗಪ್ಪ ಕೇಳಿದ.

"ಮೈಗೇ ಮಾವ," ಎಂದ ಹುಡುಗ, ಆಗಲೇ ಸಂಬಂಧ ಕುದುರಿಸಿಕೊಂಡು. "ದಿನಾ ಎರಡೇ ಸಲ ಒತ್ತೋದು. ಎಡಕ್ಕೊಂದು, ಬಲಕ್ಕೊಂದು. ಇಂಡಿಕೇಟರ್ ಥರ."

ಮಗಳು ಕಿಸಕ್ಕನೆ ನಕ್ಕಳು. ಅದು ಬೆಂಕಿಗೆ ಎಣ್ಣೆ ಹೊಯ್ದ ಹಾಗಾಯಿತು.

ಹುಡುಗ ತನ್ನ ಕಡೆಯ ನ್ಯಾಯ ಹೇಳಿದ. ಅವನ ಕೆಲಸ ಒಂದು ಪುಟ್ಟ ಕಾರಿನೊಳಗೆ. ಕಲಿಯಲು ಬರುವವರೆಲ್ಲ ಪ್ರಾಣ ಕೈಯಲ್ಲಿ ಹಿಡಿದು ಬರುವವರು. ಲಾರಿ ಎದುರು ಬಂದರೆ ಅಂಗೈ ಬೆವರುತ್ತದೆ, ಹಿಂದಿನವನು ಹಾರನ್ ಹೊಡೆದರೆ ಬೆನ್ನು ಬೆವರುತ್ತದೆ, ಬ್ರೇಕಿನ ಬದಲು ಇನ್ನೊಂದನ್ನು ತುಳಿದರೆ ಉಳಿದದ್ದೆಲ್ಲ ಬೆವರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಹೆದರಿಕೊಂಡವರ ಪಕ್ಕ ಕೂರುವವನ ಮೈಯಿಂದ ಸ್ನಾನ ಮಾಡಿ ಬಂದವನ ವಾಸನೆ ಬಂದರೆ ಅವರಿಗೂ ಸ್ವಲ್ಪ ಧೈರ್ಯ. ಇಷ್ಟೇ ಅವನ ವಾದ. ಮಗಳು ದನಿಗೂಡಿಸಿದಳು: "ನಾಲ್ಕು ದಾರಿ ಸೇರೋ ಕಡೆ ಕಾರು ನಿಂತುಹೋಯ್ತಪ್ಪ. ಸುತ್ತಲೂ ಬೈತಿದ್ರು. ನಂಗೆ ಕೈಕಾಲು ನಡುಕ. ಪಕ್ಕದಿಂದ ಈ ವಾಸನೆ ಬಂತು ನೋಡು, ಏನೋ ಮನೇಲೇ ಇದ್ದೀನಿ ಅನ್ನಿಸ್ತು."

ತನ್ನ ಮಗಳಿಗೆ ತನ್ನ ಎದುರೇ ಇನ್ನೊಂದು ಸೀಸೆಯಿಂದ ಮನೆಯ ವಾಸನೆ ಬಂತಂತೆ! ಮೂಗಪ್ಪನ ಕೋಪ ಮೊದಲೇ ಮೂಗಿನ ತುದಿಯಲ್ಲಿ ಇರುವಂಥದ್ದು. ಎದ್ದು ನಿಂತು ಶಾಸನ ಹೊರಡಿಸಿಯೇಬಿಟ್ಟ: "ಮದುವೆ ಬೇಕಾದ್ರೆ ಮಾಡ್ಕೊಳ್ಳಿ. ಆದ್ರೆ ಈ ಮೂಗಲ್ಲಿ ಜೀವ ಇರೋವರೆಗೂ ಆ ವಾಸನೆ ನನ್ನ ಹೊಸಿಲು ದಾಟಬಾರದು."

"ಆಯ್ತು ಮಾವ," ಎಂದು ಹುಡುಗ ಎದ್ದ. ಕೆಳಗಿಳಿದು ತನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತ. ಮದುವೆಯಾಯಿತು, ವರ್ಷ ಎರಡಾಯಿತು, ಮಗುವೂ ಆಯಿತು, ಅಳಿಯ ಕಾರಿನಲ್ಲೇ ಕೂತಿದ್ದ. ಸೆಂಟು ಹಾಕಿಕೊಳ್ಳದೆ ಒಂದು ದಿನ ಮೇಲೆ ಬಂದರೆ ಮುಗಿದು ಹೋಗುತ್ತಿತ್ತು. ಆದರೆ ಅವನೂ ಹಟಮಾರಿಯೇ. "ಸೆಂಟು ಬಿಟ್ಟು ಬಾ ಅಂದಿದ್ರೆ ಬರ್ತಿದ್ದೆ. ನಿಮ್ಮಪ್ಪ ನೆಲ ಒರೆಸೋದು ಅಂದ್ರು" ಎಂದು ಹೆಂಡತಿಗೆ ಹೇಳಿದ್ದನಂತೆ. ಮೂಗಪ್ಪ ಅವನನ್ನು ಮನೆಯಲ್ಲಿ 'ಹಸಿರು ಸೀಸೆ' ಎಂದೇ ಕರೆಯುತ್ತಿದ್ದ. ಎದುರಿಗೆ ಸಿಕ್ಕರೆ ಮಾತ್ರ, ಏನೂ ಕೊಳ್ಳದೆ ಹೋಗುವ ಗಿರಾಕಿಯನ್ನು ಕಂಡಂತೆ, 'ನೀವು', 'ತಾವು'.

ಮಗಳು ಕೂಸನ್ನೆತ್ತಿಕೊಂಡು ಮೂರನೇ ಮಹಡಿಗೆ ಬರುತ್ತಿದ್ದಳು, ಅಳಿಯ ಕೆಳಗೆ ಸೀಟು ಹಿಂದಕ್ಕೆ ವಾಲಿಸಿ ಪೇಪರು ಓದುತ್ತಿದ್ದ. ಮೂಗಪ್ಪನ ಹೆಂಡತಿ ಕಾಫಿ ಲೋಟವನ್ನು ಲಿಫ್ಟಿನೊಳಗೆ ಇಟ್ಟು ಗುಂಡಿ ಒತ್ತುತ್ತಿದ್ದಳು. ಕಾಫಿ ಕೆಳಗಿಳಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ಖಾಲಿ ಲೋಟ ಮೇಲೆ ಬರುತ್ತಿತ್ತು. ಆ ಕಟ್ಟಡದವರಿಗೆಲ್ಲ ಅದು ಅಭ್ಯಾಸವಾಗಿ, ಲಿಫ್ಟಿನೊಳಗೆ ಲೋಟ ಕಂಡರೆ ಕಾಲು ತಾಗದ ಹಾಗೆ ಮೂಲೆಗೆ ಸರಿದು ನಿಲ್ಲುತ್ತಿದ್ದರು.

ಕೂಸನ್ನು ಎತ್ತಿಕೊಂಡಾಗಲೆಲ್ಲ ಮೂಗಪ್ಪ ಮೂಗು ಮುರಿಯುತ್ತಿದ್ದ. "ಇದಕ್ಕೂ ಮೆತ್ತಿ ಕಳಿಸಿದ್ದಾನೆ ನೋಡು." ಅಪ್ಪನ ಹೆಗಲ ಮೇಲೆ ಮಲಗಿ ಬಂದ ಕೂಸಿನ ನೆತ್ತಿಯ ಮೇಲೆ ಹಾಲಿನ ವಾಸನೆ ಅರ್ಧ, ಹಸಿರು ಸೀಸೆ ಅರ್ಧ. ಮೂಗು ಮುರಿದರೂ ಕೂಸನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

ಹೀಗಿರುವಾಗ ಅವನಿಗೆ ಜ್ವರ ಬಂತು. ಎಂಥದ್ದೂ ಇಲ್ಲ, ಊರಿಗೆಲ್ಲ ಬಂದ ಜ್ವರ. ಒಂದು ವಾರ ಮಲಗಿಸಿ ಹೊರಟು ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಅಂಗಡಿಗೆ ಮರಳಿದ ದಿನ ಕೌಂಟರಿನ ಕಾಫಿ ಬೀಜದ ಡಬ್ಬಿಯೊಳಗೆ ಮುಖ ತೂರಿಸಿದ. ಅನೇಕ ಸೆಂಟು ನೋಡಿ ದಣಿದ ಮೂಗಿಗೆ ಮತ್ತೆ ಚುರುಕು ಬರಲೆಂದು ಇಟ್ಟಿರುವ ಬೀಜ. ಒಳಗೆ ಏನೂ ಇಲ್ಲ. ಅತಿ ದುಬಾರಿಯ ಕಪ್ಪು ಸೀಸೆ ತೆಗೆದು ಪಟ್ಟಿಗೆ ಹೊಡೆದ. ಏನೂ ಇಲ್ಲ. ಎಲ್ಲ ಸೀಸೆಯಲ್ಲೂ ನೀರು ತುಂಬಿಟ್ಟ ಹಾಗೆ. ಕದ್ದು ಡಾಕ್ಟರ ಹತ್ತಿರ ಹೋದ. "ವಾಸನೆ ವಾಪಸ್ ಬಂದ್ರೂ ಬರಬಹುದು, ಬರದೇ ಇದ್ರೂ ಇರಬಹುದು" ಎಂದು ಹೇಳಿದ್ದಕ್ಕೆ ಡಾಕ್ಟರು ಫೀಸು ತೆಗೆದುಕೊಂಡರು.

ಹೇಳುವುದು ಯಾರಿಗೆ? ಹಿಂದೊಮ್ಮೆ ಕೈಗಡಿಯಾರದ ಕೌಂಟರಿನವನಿಗೆ ಕೈ ನಡುಗಲು ಶುರುವಾದಾಗ ಮಾಲೀಕರು ಬಹಳ ಮರ್ಯಾದೆಯಿಂದ ಅವನನ್ನು ಮೇಲಿನ ಮಹಡಿಯ ಕಾಲುಚೀಲದ ವಿಭಾಗಕ್ಕೆ ಹಾಕಿದ್ದರು. ಅಲ್ಲಿ ಆತ ಈಗಲೂ ಜೋಡಿ ತಪ್ಪಿದ ಕಾಲುಚೀಲಗಳನ್ನು ಜೋಡಿಸುತ್ತ ಕೂತಿದ್ದಾನೆ. ಮೂಗಪ್ಪನಿಗೆ ಕಾಲುಚೀಲ ಕನಸಿನಲ್ಲಿ ಬರತೊಡಗಿತು. ಅಂಗಡಿಯದ್ದು ಹೋಗಲಿ, ಮೂಗೇ ಹೋದ ಮೇಲೆ ಮೂಗಪ್ಪ ಅಂತ ಕರೆಸಿಕೊಳ್ಳುವವನು ಯಾರು? ಬಾಯಿಗೆ ಬೀಗ ಹಾಕಿಕೊಂಡ. ಯಾರಿಗೂ ಅನುಮಾನ ಬರಬಾರದೆಂದು ಮನೆಯಲ್ಲಿ ಹೆಂಡತಿ ಕೊಟ್ಟ ಕಾಫಿ ಕುಡಿದು "ಆಹಾ, ಚೆನ್ನಾಗಿದೆ ಕಣೇ" ಎಂದೂ ಹೇಳಿದ.

ತಮಾಷೆ ಏನೆಂದರೆ, ವ್ಯಾಪಾರ ಹೆಚ್ಚಿತು. ಮೂಗು ಇದ್ದಾಗ ಅದು ಆಗಾಗ ಅಡ್ಡಗಾಲು ಹಾಕುತ್ತಿತ್ತು. "ಇದು ನಿಮ್ಮ ಮೈಗೆ ಹೊಂದಲ್ಲ ಸಾರ್" ಎಂದು ಬಾಯಿ ತಪ್ಪಿ ನಿಜ ಹೇಳಿಸುತ್ತಿತ್ತು. ಈಗ ಆ ಕಾಟವಿಲ್ಲ. ಯಾವ ಸೀಸೆ ಯಾವ ಸಾಲಿನಲ್ಲಿದೆ ಎಂಬುದು ಕೈಗೆ ಗೊತ್ತು, ಯಾವುದಕ್ಕೆ ಯಾವ ಮಾತು ಎಂಬುದು ಬಾಯಿಗೆ ಗೊತ್ತು. ಬಂದವರಿಗೆಲ್ಲ ಎಲ್ಲವೂ ಹೊಂದುತ್ತಿತ್ತು. ಮಾಲೀಕರು ಬೆನ್ನು ತಟ್ಟಿ, "ಜ್ವರ ಬಂದ ಮೇಲೆ ನಿನ್ನ ಮೂಗು ಇನ್ನೂ ಚುರುಕಾಗಿದೆ ಕಣಯ್ಯಾ" ಎಂದರು. ಮೂಗಪ್ಪ ನಕ್ಕ. ಒಳಗೊಳಗೇ ಅವನಿಗೆ ಬಹಳ ನೋವಾಯಿತು. ಮೂವತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದ ಮೂಗು ಈ ಕೆಲಸಕ್ಕೆ ಬೇಕಾಗಿಯೇ ಇರಲಿಲ್ಲವಲ್ಲ ಎಂದು.

ಆ ಭಾನುವಾರ ಮಗಳು ಕೂಸನ್ನು ಕರೆತಂದಳು. ಅಭ್ಯಾಸಬಲದಿಂದ ನೆತ್ತಿಗೆ ಮೂಗು ಹಚ್ಚಿದ. ಹಾಲೂ ಇಲ್ಲ, ಹಸಿರು ಸೀಸೆಯೂ ಇಲ್ಲ. ಬೈಯೋಣವೆಂದರೆ ಬೈಯಲೂ ಏನೂ ಇಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತ.

ಬಯಲಾಗಲು ಒಂದು ಇಲಿ ಬೇಕಾಯಿತು.

ಕೂಸಿಗೆ ಹಲ್ಲು ಬರುವ ಕಿರಿಕಿರಿ ಎಂದು ಹೆಂಡತಿ ಒಂದು ವಾರ ಮಗಳ ಮನೆಗೆ ಹೋಗಿದ್ದಳು. ಮೂಗಪ್ಪ ಒಬ್ಬನೇ. ಆ ವಾರದಲ್ಲಿ ಯಾವುದೋ ಇಲಿ, ಸಾಯಲು ಇಡೀ ಕಟ್ಟಡವೇ ಇರುವಾಗ, ಇವನ ಸೋಫಾದ ಹೊಟ್ಟೆಯೊಳಗೆ ಸೇರಿ ಪ್ರಾಣ ಬಿಟ್ಟಿತು. ಅದರ ಮೇಲೆಯೇ ಕೂತು ಮೂಗಪ್ಪ ಬ್ರೆಡ್ಡು ತಿಂದ, ಟಿವಿ ನೋಡಿದ, ಮಧ್ಯಾಹ್ನದ ನಿದ್ದೆಯನ್ನೂ ತೆಗೆದ. ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ಮೆಟ್ಟಿಲ ಹತ್ತಿರ ಸಿಕ್ಕಾಗ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಇವನು ಶೀತ ಇರಬೇಕು ಎಂದುಕೊಂಡ.

"ಏನೋ ವಾಸನೆ ಬರ್ತಿದೆ ಅಲ್ವಾ?" ಎಂದಳು ಆಕೆ.

ಮೂಗಪ್ಪ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಕೌಂಟರಿನ ದನಿಯಲ್ಲಿ ಹೇಳಿದ: "ಹೌದು. ಹಳೇ ಮರದ್ದು. ಹಿನ್ನೆಲೆಯಲ್ಲಿ ಸ್ವಲ್ಪ ಹೂವೂ ಇದೆ. ಬಹಳ ಚೆನ್ನಾಗಿದೆ."

ಡಾಕ್ಟರಮ್ಮ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ವಾರ ಮುಗಿದು ಹೆಂಡತಿ ವಾಪಸಾದಳು. ಜೊತೆಗೆ ಮಗಳು, ಮಗಳ ಕಂಕುಳಲ್ಲಿ ಕೂಸು. ಸಾಮಾನು ಬಹಳವಿದ್ದು ಲಿಫ್ಟೂ ಕೆಟ್ಟು ನಿಂತಿದ್ದರಿಂದ ಅಳಿಯನೂ ಎರಡು ಕೈಯಲ್ಲಿ ಚೀಲ ಹಿಡಿದು ಮೂರು ಮಹಡಿ ಹತ್ತಿ ಬಂದು, ಹೊಸಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತ. ಬಾಗಿಲು ತೆರೆಯಿತು. ಹೆಂಡತಿ "ಅಯ್ಯಯ್ಯೋ" ಎಂದು ಗೋಡೆ ಹಿಡಿದುಕೊಂಡಳು. ಮಗಳು ಕೂಸಿನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಮೆಟ್ಟಿಲ ಕಡೆ ಓಡಿದಳು.

"ಏನ್ರೀ ಇದು? ಯಾರ್ರೀ ಸತ್ತಿದ್ದು ಇಲ್ಲಿ?"

ಮೂಗಪ್ಪನಿಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಸುಳ್ಳು ಹೇಳುವವನ ಬುದ್ಧಿ ಚುರುಕು. "ಗೊತ್ತು, ಗೊತ್ತು. ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ," ಎಂದು ಸೋಫಾದಿಂದ ಏಳುತ್ತ, ಆ ಕಡೆ ಈ ಕಡೆ ಮೂಗು ತಿರುಗಿಸಿದ. "ಅಡುಗೆಮನೆ ಕಡೆಯಿಂದ ಬರ್ತಿದೆ."

"ಮಾವ," ಎಂದ ಅಳಿಯ ಹೊರಗಿನಿಂದ, "ಸೋಫಾ ಕೆಳಗಿಂದ ಬರ್ತಿದೆ. ಎತ್ತಬೇಕು. ಒಬ್ಬರ ಕೈಲಿ ಆಗಲ್ಲ. ಒಳಗೆ ಬರ್ಲಾ?"

ಎರಡು ವರ್ಷದಲ್ಲಿ ಅಳಿಯ ಮೊದಲ ಸಲ ಕೇಳಿದ್ದ. ಡಾಕ್ಟರಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ಮೇಲಿನ ಮಹಡಿಯವರೂ ಇಳಿದು ಬಂದು ಇಣುಕುತ್ತಿದ್ದರು. ಇಷ್ಟು ಜನರೆದುರು ಶಾಸನ ಮುರಿಯಬಾರದು. ಮೂಗಪ್ಪ ಸೆಟೆದು ನಿಂತು, ಗತ್ತಿನಿಂದ ಕೇಳಿದ:

"ಸೆಂಟು ಹಾಕ್ಕೊಂಡಿದ್ದೀರಾ ನೀವು?"

ಕೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ಆಡಿದ ಮಾತು, ಒಡೆದ ಮುತ್ತು. ಲೋಕದಲ್ಲಿ ಬೇರೆ ಯಾವ ಮಾವ ಬೇಕಾದರೂ ಆ ಪ್ರಶ್ನೆ ಕೇಳಬಹುದಿತ್ತು. ಎರಡು ಮಾರು ದೂರದಿಂದ ಸೋಪಿನ ಹೆಸರು ಹೇಳುತ್ತಿದ್ದವನು, ಎರಡು ಹೆಜ್ಜೆ ದೂರದಲ್ಲಿ, ಅದೂ ಮೆಟ್ಟಿಲು ಹತ್ತಿ ಬೆವರಿ ಸೆಂಟೆಲ್ಲ ಎದ್ದು ಘಮಘಮಿಸುತ್ತ ನಿಂತಿದ್ದ ಹುಡುಗನಿಗೆ, ಹಾಕಿಕೊಂಡಿದ್ದೀಯಾ ಎಂದು ಕೇಳುವುದೆಂದರೆ!

ಅಳಿಯ ಅವನ ಮುಖ ನೋಡಿದ. ಹೆದರಿಕೊಂಡವರ ಪಕ್ಕ ಕೂತು ಕೂತು ಅವನಿಗೆ ಹೆದರಿಕೆಯ ಮುಖ ಚೆನ್ನಾಗಿ ಗೊತ್ತಿತ್ತು. "ಇಲ್ಲ ಮಾವ," ಎಂದ. "ಇವತ್ತು ಹಾಕಿಲ್ಲ."

"ಹಾಗಾದ್ರೆ ಬನ್ನಿ," ಎಂದ ಮೂಗಪ್ಪ, ಬದುಕಿದೆಯಾ ಬಡಜೀವವೇ ಎನ್ನುವ ದನಿಯಲ್ಲಿ.

ಅಳಿಯ ಚಪ್ಪಲಿ ಬಿಟ್ಟು ಒಳಗೆ ಬಂದ. ಸೋಫಾ ಎತ್ತಿದರು, ಇಲಿ ಹೋಯಿತು, ಎರಡು ಬಕೆಟು ನೀರು ಹೊಯ್ದು ನೆಲ ತೊಳೆದರು. ನೆಲ ಒರೆಸಿದವನು ಅಳಿಯನೇ. ಹೆಂಡತಿ ಲೋಟದಲ್ಲಿ ಕಾಫಿ ತಂದು ಅವನ ಕೈಗೇ ಕೊಟ್ಟಳು. ಅಷ್ಟು ದಿನ ಲಿಫ್ಟಿನಲ್ಲಿ ಇಳಿದು ತಣ್ಣಗಾದ ಕಾಫಿ ಕುಡಿದವನು ಬಿಸಿಗೆ ನಾಲಿಗೆ ಸುಟ್ಟುಕೊಂಡ.

ಆಮೇಲಿನಿಂದ ಅಳಿಯ ಪ್ರತಿ ಭಾನುವಾರ ಮೇಲೆ ಬರತೊಡಗಿದ. "ಸೆಂಟು ಬಿಟ್ಟುಬಿಟ್ಟೆಯಂತೆ, ಒಳ್ಳೇದಾಯ್ತು" ಎಂದು ಮೂಗಪ್ಪ ದೊಡ್ಡ ಮನಸ್ಸಿನಿಂದ ಹೇಳುತ್ತಿದ್ದ. ಬಿಟ್ಟೆಯಂತೆ ಎಂದವನೇ ತಡವರಿಸಿ, "ಬಿಟ್ಟುಬಿಟ್ಟಿರಂತೆ" ಎಂದು ತಿದ್ದಿಕೊಳ್ಳುತ್ತಿದ್ದ. ಅಳಿಯ ತಲೆ ಆಡಿಸುತ್ತಿದ್ದ. ಹೆಂಡತಿ ಮಾತ್ರ ಅಳಿಯ ಕೂತ ಕೂಡಲೇ ಎದ್ದು "ಏನು ಸೆಕೆ" ಎಂದು ಕಿಟಕಿಗಳನ್ನೆಲ್ಲ ತೆಗೆಯುತ್ತಿದ್ದಳು. ಹೊರಗೆ ಚಳಿಗೆ ಹಲ್ಲು ಕಟಕಟ ಅನ್ನುತ್ತಿರುವಾಗಲೂ ಅವಳಿಗೆ ಸೆಕೆ. ವಯಸ್ಸಾಯಿತಲ್ಲ, ಹೆಂಗಸರಿಗೆ ಹಾಗೆಲ್ಲ ಆಗುತ್ತದೆ ಎಂದು ಮೂಗಪ್ಪ ಮಫ್ಲರು ಸುತ್ತಿಕೊಂಡು ಕೂರುತ್ತಿದ್ದ.

ಅಂಥದೇ ಒಂದು ಭಾನುವಾರ ಬೆಳಿಗ್ಗೆ ತಾಯಿ ಮಗಳು ಪೇಟೆಗೆ ಹೋದರು. ಕೂಸು ನಿದ್ದೆ ಮಾಡುತ್ತಿತ್ತು. ಅಳಿಯನಿಗೆ ಫೋನು ಬಂತು: ಅವನ ಶಿಷ್ಯಳೊಬ್ಬಳು ಹತ್ತಿರದಲ್ಲೇ ಕಾರನ್ನು ಎರಡು ಕಂಬಗಳ ನಡುವೆ ಹೇಗೋ ತೂರಿಸಿಬಿಟ್ಟಿದ್ದಾಳೆ, ಈಗ ಮುಂದಕ್ಕೂ ಬರುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ. "ಹೀಗೆ ಹೋಗಿ ಹಾಗೆ ಬಂದೆ ಮಾವ. ಏಳಲ್ಲ ಅವಳು. ಎದ್ರೆ ಚೀಲದಲ್ಲಿ ಹಾಲಿದೆ" ಎಂದು ಇಳಿದು ಹೋದ.

ಬಾಗಿಲು ಮುಚ್ಚಿದ ಸದ್ದಿಗೆ ಕೂಸು ಎದ್ದಿತು.

ಮೊದಲು ಸುತ್ತ ನೋಡಿತು. ಅಮ್ಮ ಇಲ್ಲ, ಅಜ್ಜಿ ಇಲ್ಲ, ಅಪ್ಪ ಇಲ್ಲ. ಇರುವುದೊಂದು ಅಜ್ಜ. ಕೆಳತುಟಿ ಮುಂದೆ ಬಂತು, ಆಮೇಲೆ ಶುರುವಾಯಿತು ನೋಡಿ, ಮನೆಯ ಗೋಡೆ ಬಿರಿಯುವ ಹಾಗೆ. ಮೂಗಪ್ಪ ಎತ್ತಿಕೊಂಡ, ತಟ್ಟಿದ, ಕುಣಿಸಿದ, ಬೀಗದ ಕೈ ಗೊಂಚಲು ಆಡಿಸಿದ. ಹಾಲಿನ ಬಾಟಲಿ ಬಾಯಿಗಿಟ್ಟರೆ ಕೂಸು ಅದನ್ನು ಅವನ ಮುಖಕ್ಕೇ ತಳ್ಳಿತು. ಎಂಥೆಂಥ ಗಿರಾಕಿಗಳನ್ನು ಒಲಿಸಿದವನ ಮಾತು ಇದರೆದುರು ನಡೆಯಲಿಲ್ಲ. ಅಳುತ್ತ ಅಳುತ್ತ ಅದು ಅವನ ಕುತ್ತಿಗೆಗೆ ಮುಖ ತಂದು, ಮೂಸಿ, ತಾನು ಹುಡುಕಿದ್ದು ಸಿಗದೆ ಇನ್ನೂ ಜೋರಾಗಿ ಕಿರುಚಿ ಹಿಂದಕ್ಕೆ ಬಾಗುತ್ತಿತ್ತು. ಮತ್ತೆ ಬರುವುದು, ಮತ್ತೆ ಮೂಸುವುದು, ಮತ್ತೆ ಕಿರುಚುವುದು. ಮುಖ ಕೆಂಪಾಗಿ ಉಸಿರು ಸಿಕ್ಕಿಕೊಳ್ಳತೊಡಗಿದಾಗ ಮೂಗಪ್ಪನಿಗೆ ನಿಜವಾಗಿಯೂ ಭಯವಾಯಿತು.

ಚೀಲದಲ್ಲಿ ಆಟದ ಸಾಮಾನು ಏನಾದರೂ ಇದ್ದೀತೆಂದು ಒಂದೇ ಕೈಯಲ್ಲಿ ತಡಕಾಡಿದ. ಟವೆಲ್ಲು, ಚಡ್ಡಿ, ಒಂದು ಒಂಟಿ ಕಾಲುಚೀಲ. ಅದನ್ನು ಕಂಡು ಎದೆ ಝಲ್ಲೆಂದಿತು. ಪಕ್ಕದ ಜೇಬಿನೊಳಗೆ ತಣ್ಣನೆಯ ಗಾಜು ಕೈಗೆ ಸಿಕ್ಕಿತು.

ಹಸಿರು ಸೀಸೆ. ಮುಕ್ಕಾಲು ಖಾಲಿ. ಬಾಯಿಯ ಸುತ್ತ ಇನ್ನೂ ಒದ್ದೆ. ಇವತ್ತು ಬೆಳಿಗ್ಗೆ ಒತ್ತಿದ್ದು.

ಮೂಗಪ್ಪ ಸೀಸೆ ಹಿಡಿದು ನಿಂತೇ ಇದ್ದ. ಒಂದೊಂದೇ ಅರ್ಥವಾಗುತ್ತ ಬಂತು. ಇವನು ಬಿಟ್ಟಿಲ್ಲ. ಇಲಿ ಸಿಕ್ಕ ದಿನವೂ ಹಾಕಿಕೊಂಡೇ ಬಂದಿದ್ದ. ಪ್ರತಿ ಭಾನುವಾರ ಹಾಕಿಕೊಂಡೇ ಬಂದು, ನನ್ನ ಪಕ್ಕವೇ ಕೂತು, ನಾನು 'ಒಳ್ಳೇದಾಯ್ತು' ಎಂದಾಗ ತಲೆ ಆಡಿಸಿದ್ದಾನೆ. ಅವಳಿಗೆ ಸೆಕೆಯೂ ಇಲ್ಲ, ಗಿಕೆಯೂ ಇಲ್ಲ, ಕಿಟಕಿ ತೆಗೆದದ್ದು ಇದಕ್ಕೆ. ಮಗಳಿಗೂ ಗೊತ್ತು. ಮನೆಮಂದಿಯೆಲ್ಲ ಸೇರಿ ನನ್ನ ಸತ್ತ ಮೂಗಿಗೆ ತುಪ್ಪ ಸವರಿದ್ದಾರೆ! ಅವನಿಗೆ ಕೆಂಡದಂಥ ಕೋಪ ಬಂತು. ಸೀಸೆಯನ್ನು ಕಿಟಕಿಯಿಂದಾಚೆ ಎಸೆಯಬೇಕೆಂದು ಕೈ ಎತ್ತಿದ.

ಕೂಸು ಮತ್ತೊಮ್ಮೆ ಕುತ್ತಿಗೆ ಮೂಸಿ, ಸಿಗದೆ, ಈ ಸಲ ಕಿರುಚಲೂ ಶಕ್ತಿಯಿಲ್ಲದೆ ಬಿಕ್ಕಿತು.

ಎತ್ತಿದ ಕೈ ಕೆಳಗೆ ಬಂತು. ಕೂಸನ್ನು ಸೋಫಾದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ. ಆಚೆ ತಿರುಗಿದ. ಎಷ್ಟು ದೂರದಿಂದ ಹಿಡಿಯಬೇಕು, ಎಲ್ಲಿಗೆ ಹೊಡೆಯಬೇಕು ಎಂಬುದೆಲ್ಲ ಕೈಗೆ ನೆನಪಿತ್ತು. ಎಷ್ಟು ಹೊಡೆಯಬೇಕು ಎಂದು ಹೇಳಬೇಕಾದ ಮೂಗು ಮಾತ್ರ ಸುಮ್ಮನಿತ್ತು. ಕುತ್ತಿಗೆಗೆ ಹೊಡೆದ, ಏನೂ ಬರಲಿಲ್ಲ. ಎದೆಗೆ ಹೊಡೆದ, ಏನೂ ಬರಲಿಲ್ಲ. ತೋಳಿಗೆ, ಕಾಲರಿಗೆ, ಮತ್ತೊಮ್ಮೆ ಕುತ್ತಿಗೆಗೆ. ಸೀಸೆ ಬುಸ್ ಎಂದು ಗಾಳಿ ಬಿಡುವವರೆಗೂ ಹೊಡೆದುಕೊಂಡ. ಸ್ವಲ್ಪ ಆರಲೆಂದು ಅಂಗಿ ಕೊಡವಿ, ಆಮೇಲೆ ಕೂಸನ್ನು ಎತ್ತಿಕೊಂಡ.

ಕೂಸು ಬಿಕ್ಕುತ್ತಲೇ ಕುತ್ತಿಗೆಗೆ ಮುಖ ತಂದಿತು. ನಿಂತಿತು. ತಲೆ ಹಿಂದಕ್ಕೆ ಎಳೆದು ಇವನ ಮುಖವನ್ನು ಒಮ್ಮೆ ಅನುಮಾನದಿಂದ ನೋಡಿತು. ಮುಖ ಅಜ್ಜನದೇ. ಇನ್ನೊಮ್ಮೆ ಮೂಸಿತು. ಏನು ಲೆಕ್ಕ ಹಾಕಿಕೊಂಡಿತೋ, ಮೂಗನ್ನು ಅವನ ಕಾಲರಿನೊಳಗೆ ಒತ್ತಿ, ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ಹೆಗಲ ಮೇಲೆ ತನ್ನ ಭಾರವನ್ನೆಲ್ಲ ಚೆಲ್ಲಿತು. ನಿದ್ದೆ ಹೋಯಿತು.

'ಇದನ್ನು ಹಾಕ್ಕೊಂಡ್ರೆ ಜನ ತಾವಾಗೇ ಹತ್ತಿರ ಬರ್ತಾರೆ ಸಾರ್' ಎಂದು ಮೂವತ್ತು ವರ್ಷ ಹೇಳಿದ್ದ ಸುಳ್ಳು ಅವನ ಹೆಗಲ ಮೇಲೆ ನಿಜವಾಗಿ ಮಲಗಿತ್ತು. ಕೂತರೆ ಎದ್ದೀತೆಂದು ಮೂಗಪ್ಪ ಕೂರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕಂಬಗಳ ನಡುವಿನಿಂದ ಕಾರು ಬಿಡಿಸಿ ಬಂದ ಅಳಿಯ ಬಾಗಿಲು ತೆಗೆದವನೇ ಕೆಮ್ಮಿ ಎರಡು ಹೆಜ್ಜೆ ಹಿಂದೆ ಸರಿದ.

"ಮಾವ! ಎಷ್ಟು ಹೊಡ್ಕೊಂಡ್ರಿ?"

"ಮೆಲ್ಲಗೆ ಮಾತಾಡು, ಮಲಗಿದ್ದಾಳೆ," ಎಂದ ಮೂಗಪ್ಪ. "ಎಷ್ಟು ಅಂತ ನಂಗೇನು ಗೊತ್ತು? ನನ್ನ ಮೂಗು ಸತ್ತು ಎಷ್ಟೋ ತಿಂಗಳಾಯ್ತು."

ಹೇಳಿಬಿಟ್ಟಿದ್ದ. ಆಕಾಶ ಕಳಚಿ ಬೀಳಲಿಲ್ಲ. ಅಳಿಯ ಒಳಗೆ ಬಂದು ಎದುರಿಗೆ ನಿಂತ.

"ನಿಮ್ಮತ್ತೆಗೆ ಯಾವಾಗಿಂದ ಗೊತ್ತು?" ಎಂದು ಮೂಗಪ್ಪ ಕೇಳಿದ.

"ಜ್ವರ ಬಿಟ್ಟ ದಿನದಿಂದಾನೇ. ಹಾಲು ತಳ ಹತ್ತಿ ಸೀದು ಹೋಗಿತ್ತಂತೆ. ಆ ಕಾಫಿ ಕುಡಿದು ನೀವು ಆಹಾ ಅಂದ್ರಂತೆ. ಮದುವೆ ಆದಾಗಿಂದ ಅದೇ ಮೊದಲನೇ ಹೊಗಳಿಕೆಯಂತೆ, ಸುಮ್ನೆ ಯಾಕೆ ಹಾಳು ಮಾಡ್ಕೊಳ್ಳೋದು ಅಂತ ಏನೂ ಅನ್ನಲಿಲ್ಲವಂತೆ."

ಮೂಗಪ್ಪನಿಗೆ ನಗು ಬಂತು. ಕೂಸು ಅಲುಗಿತೆಂದು ನುಂಗಿಕೊಂಡ. ಆಮೇಲೆ, ಗೋಡೆಯನ್ನು ನೋಡುತ್ತ, ನಿಧಾನವಾಗಿ ಹೇಳಿದ: "ಅಂಗಡಿಯಲ್ಲಿರೋ ಒಂದು ಸೀಸೆ ವಾಸನೆಯೂ ನೆನಪಿಗೆ ಬರಲ್ಲ. ಮಾತು ಬರುತ್ತೆ, ವಾಸನೆ ಬರಲ್ಲ. ನಿಂದೊಂದೇ ಇರೋದು ತಲೇಲಿ. ಮೊದಲು ನಿಂಬೆ ಸಿಪ್ಪೆ ಹಿಂಡಿದ ಹಾಗೆ ಮೂಗಿಗೆ ಹೊಡಿಯುತ್ತೆ. ಅದು ಬೇಗ ಹೋಗುತ್ತೆ. ಆಮೇಲೆ ಸೋಪು. ಸ್ನಾನದ ಸೋಪಲ್ಲ, ಕ್ಷೌರದ ಸೋಪು, ಬಿಸಿನೀರಲ್ಲಿ ನೊರೆ ಎಬ್ಬಿಸಿದ್ದು. ಮಧ್ಯಾಹ್ನದ ಹೊತ್ತಿಗೆ ಬಿಸಿಲಲ್ಲಿ ಒಣಗಿದ ಅಂಗಿ. ಸಂಜೆಗೆ ಏನೂ ಇರಲ್ಲ. ಮೈ ಇರುತ್ತೆ, ಅಷ್ಟೇ."

ಅಳಿಯ ತನ್ನ ತೋಳನ್ನು ಮೂಗಿನ ಹತ್ತಿರ ತಂದು ಮೂಸಿದ. "ಇದರಲ್ಲಿ ಇಷ್ಟೆಲ್ಲ ಇದೆಯಾ ಮಾವ? ನಾನು ಬರೀ ಚೆನ್ನಾಗಿದೆ ಅಂತ ಹಾಕ್ಕೊಳ್ತಿದ್ದೆ."

"ಚೆನ್ನಾಗಿದೆ. ಮೊದಲ ದಿನವೇ ಗೊತ್ತಾಗಿತ್ತು ನಂಗೆ."

"ಮತ್ತೆ ನೆಲ ಒರೆಸೋದು ಅಂದ್ರಿ?"

"ಬಸ್ ಸ್ಟ್ಯಾಂಡಲ್ಲಿ ಸಿಗೋದು ಇಷ್ಟು ಚೆನ್ನಾಗಿದ್ರೆ ನಾನು ಎಲ್ಲಿಗೆ ಹೋಗ್ಲಿ ಹೇಳು. ಅಂಗಡಿಯಲ್ಲೂ ಬೇಡ, ಮನೇಲೂ ಬೇಡ ಅನ್ನೋ ಹಾಗಾಗಿಬಿಡ್ತೀನಿ ಅಂತ ಹೆದರಿಕೆ ಆಯ್ತಪ್ಪ."

ಅಳಿಯ ಕೂಸನ್ನು ತೆಗೆದುಕೊಳ್ಳಲು ಕೈ ಚಾಚಿದವನು, ಅದು ಅಜ್ಜನ ಕಾಲರನ್ನು ಮುಷ್ಟಿಯಲ್ಲಿ ಹಿಡಿದಿರುವುದನ್ನು ಕಂಡು ಕೈ ಹಿಂದಕ್ಕೆ ತೆಗೆದ. ಸೋಫಾದ ಮೇಲೆ ಬಿದ್ದಿದ್ದ ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಪೂರ್ತಿ ಖಾಲಿ ಮಾಡಿದ್ದೀರಿ."

"ಮುಂದಿನ ವಾರ ಬರುವಾಗ ಎರಡು ತಗೊಂಡು ಬಾ. ನಿಂಗೊಂದು, ನಂಗೊಂದು."

"ತರ್ತೀನಿ. ಆದ್ರೆ ಎರಡೇ ಸಲ ಒತ್ತಬೇಕು ಮಾವ. ಎಡಕ್ಕೊಂದು, ಬಲಕ್ಕೊಂದು."

ಮೂವತ್ತು ವರ್ಷ ಊರಿಗೆಲ್ಲ ಸೆಂಟು ಹಾಕಿಕೊಳ್ಳುವುದನ್ನು ಹೇಳಿಕೊಟ್ಟವನು ತಲೆ ಆಡಿಸಿದ.

"ಪಕ್ಕದಲ್ಲಿದ್ದು ಹೇಳಿಕೊಡು," ಎಂದ.